ತೊಟ್ಟಿಲ ಮನೆಯ ದಾಸೋಹ

ಸಂಸಾರವನ್ನು ತೊರೆದು ಕಾಡಿಗೆ ಹೋಗಿ ಮುಕ್ತಿಯನ್ನು ಅರಸಬೇಕೆಂದು ಶರಣರು ಬೋಧಿಸಲಿಲ್ಲ. ಗಂಡಹೆಂಡಿರು ಬಾಳುವ ಮನೆಯೇ ಸಾಧನೆಯ ನೆಲೆ, ಅಲ್ಲಿ ನಡೆಯುವ ನಿತ್ಯದ ದುಡಿಮೆಯೇ ಪೂಜೆಯ ಸಾಮಗ್ರಿ ಎಂದು ಅವರು ತಿಳಿದರು, ತಿಳಿದಂತೆ ನಡೆದರು. ಹಾಗಾದರೆ ಆ ಮನೆಗೆ ಒಂದು ಹಸುಗೂಸು ಬಂದ ದಿನಗಳು ಸಾಧನೆಗೆ ಅಡ್ಡಿಯಾಗುವುವೋ, ಇಲ್ಲವೇ ಅವೇ ಸಾಧನೆಯ ಕಠಿಣವಾದ ಪಾಠವಾಗುವುವೋ? ಆ ಮನೆಯು ಬಂಧುಬಳಗವಿಲ್ಲದ ಹೊಸ ನಗರದಲ್ಲಿದ್ದರೆ, ಆ ಕೂಸಿನ ಹೊಣೆಯನ್ನು ಹೊರಬೇಕಾದವರು ಯಾರು? ಮೇಲ್ನೋಟಕ್ಕೆ ಇದು ಮನೆವಾರ್ತೆಯ ಮಾತೆಂದು ತೋರಬಹುದು. ವಿಚಾರಿಸಿ ನೋಡಿದರೆ ಇದು ಧರ್ಮದ ಪ್ರಶ್ನೆಯೇ ಆಗಿದೆ.

ನಮ್ಮ ಹಿರಿಯರು ಇದಕ್ಕೊಂದು ವ್ಯವಸ್ಥೆಯನ್ನು ಮಾಡಿಕೊಂಡಿದ್ದರು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವಳು. ಅಲ್ಲಿ ಎಣ್ಣೆನೀರು, ಬೆಚ್ಚನೆಯ ಕೋಣೆ, ಅಳವಿಯ ಪಾಯಸ, ಅಂಟಿನುಂಡೆ, ಕೂಸಿಗೆ ಎರೆಯಲು ಬಲ್ಲ ಅಜ್ಜಿ, ನಡುರಾತ್ರಿ ಅಳು ಕೇಳಿದರೆ ಎತ್ತಿಕೊಳ್ಳಲು ಹತ್ತು ಕೈಗಳು. ಆ ಕಾಲವನ್ನು ಅತಿಯಾಗಿ ಹೊಗಳಬೇಕಾಗಿಲ್ಲ. ವೈದ್ಯರ ನೆರವಿಲ್ಲದೆ ತಾಯಂದಿರೂ ಕೂಸುಗಳೂ ಕಣ್ಮುಚ್ಚಿದ ಮನೆಗಳು ಊರೂರಿಗೆ ಇದ್ದವು; ಬಾಣಂತನದ ಭಾರವೆಲ್ಲವೂ ಹೆಂಗಸರ ಹೆಗಲ ಮೇಲೆಯೇ ಬೀಳುತ್ತಿತ್ತು. ಆದರೂ ಆ ವ್ಯವಸ್ಥೆಯಲ್ಲಿ ಒಂದು ಸತ್ಯವಿತ್ತು. ಕೂಸು ಹುಟ್ಟುವುದು ಒಬ್ಬಳ ಒಡಲಿನಲ್ಲಿಯಾದರೂ ಅದು ಬೆಳೆಯುವುದು ಹಲವರ ಮಡಿಲಿನಲ್ಲಿ ಎಂಬುದೇ ಆ ಸತ್ಯ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಮಿಕ್ಕಿ ಹೆರಿಗೆಗಳನ್ನು ಪ್ರತಿಫಲ ಬಯಸದೆ ಮಾಡಿಸಿದರು. 2018ರಲ್ಲಿ ಸರ್ಕಾರವು ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಯಾರದೋ ಮನೆಯ ಕೂಸು ತನಗೂ ಸೇರಿದ್ದೆಂದು ಬಗೆದ ಆ ತಾಯಿಯ ಬದುಕು ಕಾಯಕವೆಂಬ ಮಾತಿಗೆ ಬರೆದ ವ್ಯಾಖ್ಯಾನದಂತಿದೆ.

ಈಗಿನ ಸ್ಥಿತಿಯನ್ನು ನೋಡೋಣ. 1981ರ ಜನಗಣತಿಯಲ್ಲಿ ಸುಮಾರು 29 ಲಕ್ಷ ಜನರಿದ್ದ ಬೆಂಗಳೂರು 2011ರ ಗಣತಿಯಲ್ಲಿ ಸುಮಾರು 84 ಲಕ್ಷವನ್ನು ಮುಟ್ಟಿತು. ಹೀಗೆ ಬೆಳೆದ ಊರಿನಲ್ಲಿ ಗದಗು, ಹಾವೇರಿ, ಕಲಬುರಗಿ, ಚಿತ್ರದುರ್ಗಗಳಿಂದ ಬಂದ ನಮ್ಮ ಮಕ್ಕಳೂ ಸೇರಿದ್ದಾರೆ. ಅಂತಹ ಒಂದು ಮನೆಯನ್ನು ಊಹಿಸಿಕೊಳ್ಳಿ. ತವರಿನಲ್ಲಿ ಮೂರು ತಿಂಗಳು ಕಳೆದು ತಾಯಿ ಕೂಸಿನೊಡನೆ ನಗರಕ್ಕೆ ಬಂದಿದ್ದಾಳೆ. ನಾಲ್ಕನೆಯ ಮಹಡಿಯ ಬಾಡಿಗೆಯ ಮನೆ. ಎದುರು ಬಾಗಿಲಿನವರ ಹೆಸರು ಗೊತ್ತಿಲ್ಲ. ಗಂಡನು ಬೆಳಗ್ಗೆ ಎಂಟಕ್ಕೆ ಹೊರಟರೆ ಮರಳುವುದು ರಾತ್ರಿ ಒಂಬತ್ತಕ್ಕೆ. ನೀರು ಯಾವಾಗ ಬರುವುದು, ಕೂಸಿಗೆ ಜ್ವರ ಬಂದರೆ ಯಾವ ವೈದ್ಯರಲ್ಲಿಗೆ ಓಡಬೇಕು, ಮುಂದಿನ ಲಸಿಕೆಯನ್ನು ಎಲ್ಲಿ ಹಾಕಿಸಬೇಕು, ಇವೆಲ್ಲವನ್ನೂ ಆಕೆ ಒಬ್ಬಳೇ ತಿಳಿಯಬೇಕು. ರಾತ್ರಿ ನಿದ್ರೆಯಿಲ್ಲ, ಹಗಲು ಮಾತನಾಡಿಸುವವರಿಲ್ಲ. ಆ ಮನೆಯಲ್ಲಿ ವಸ್ತುಗಳಿಗೆ ಕೊರತೆಯಿಲ್ಲದಿರಬಹುದು, ಮನುಷ್ಯರಿಗೆ ಕೊರತೆಯಿದೆ.

ಕಾನೂನು ತನ್ನ ಕೆಲಸವನ್ನು ಕೆಲಮಟ್ಟಿಗೆ ಮಾಡಿದೆ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯು ಮೊದಲ ಎರಡು ಮಕ್ಕಳ ಹೆರಿಗೆಗೆ ವೇತನಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. 50 ಮಂದಿ ದುಡಿಯುವ ಸಂಸ್ಥೆಗಳಲ್ಲಿ ಶಿಶುವಿಹಾರವಿರಬೇಕೆಂದು ವಿಧಿಸಿತು. ಕೇಂದ್ರ ಸರ್ಕಾರದ ನೌಕರನಾದ ತಂದೆಗೂ 15 ದಿನಗಳ ರಜೆಯುಂಟು. ಇವು ಸಣ್ಣ ಮಾತುಗಳಲ್ಲ. ಆದರೆ ಕಾನೂನು ದಿನಗಳನ್ನು ಕೊಡಬಲ್ಲದು, ಆ ದಿನಗಳಲ್ಲಿ ಹತ್ತಿರ ಕುಳಿತುಕೊಳ್ಳುವ ಮನುಷ್ಯರನ್ನು ಕೊಡಲಾರದು. ಅದನ್ನು ಧರ್ಮವೇ ಕೊಡಬೇಕು.

ಇಲ್ಲಿ ಹಲವರು ಮೂರು ಬಗೆಯ ಉತ್ತರಗಳನ್ನು ಹೇಳುತ್ತಾರೆ. ನಗರವನ್ನು ಬಯಸಿ ಹೋದವರು ಅದರ ಕಷ್ಟವನ್ನೂ ಉಣ್ಣಲಿ ಎಂಬುದು ಮೊದಲನೆಯದು. ಇದು ಶರಣಧರ್ಮಕ್ಕೆ ಒಪ್ಪುವ ಮಾತಲ್ಲ. ಬಸವಣ್ಣನವರು ಬಾಗೇವಾಡಿಯನ್ನು ಬಿಟ್ಟು ಕೂಡಲಸಂಗಮಕ್ಕೂ, ಅಲ್ಲಿಂದ ಮಂಗಳವಾಡಕ್ಕೂ, ಕಡೆಗೆ ಕಲ್ಯಾಣಕ್ಕೂ ಬಂದವರು. ಅಲ್ಲಮಪ್ರಭುಗಳು ಬಳ್ಳಿಗಾವೆಯವರು, ಅಕ್ಕಮಹಾದೇವಿಯವರು ಉಡುತಡಿಯವರು; ಮೋಳಿಗೆಯ ಮಾರಯ್ಯ ದಂಪತಿಗಳು ಕಾಶ್ಮೀರದಿಂದ ಬಂದು ಕಟ್ಟಿಗೆ ಮಾರಿ ದಾಸೋಹ ನಡೆಸಿದರೆಂದು ಪರಂಪರೆ ಹೇಳುತ್ತದೆ. ಕಲ್ಯಾಣವೆಂಬುದು ಹೊಸಬರು ಕೂಡಿ ಕಟ್ಟಿದ ನಗರ. ಬಂದವರನ್ನು ಏಕೆ ಬಂದಿರೆಂದು ಅಲ್ಲಿ ಕೇಳಲಿಲ್ಲ, ಒಳಗೆ ಕರೆದು ಕುಳ್ಳಿರಿಸಿದರು. ಅಕ್ಕನಾಗಮ್ಮನವರ ಮಗ ಚನ್ನಬಸವಣ್ಣನವರು ಬೆಳೆದದ್ದು ಸೋದರಮಾವನ ಆಶ್ರಯದಲ್ಲಿ, ಆ ಶರಣಸಮೂಹದ ನಡುವೆ. ಷಟ್‌ಸ್ಥಲಜ್ಞಾನಿಯಾಗಿ ಬೆಳಗಿದ ಆ ಚೇತನವನ್ನು ಬೆಳೆಸಿದ ಕೈಗಳು ಎಷ್ಟಿದ್ದವೋ!

ಊರಿನಿಂದ ತಾಯಿಯನ್ನೋ ಅತ್ತೆಯನ್ನೋ ಕರೆಸಿಕೊಂಡರಾಯಿತು ಎಂಬುದು ಎರಡನೆಯ ಉತ್ತರ. ಬರುವ ಅಜ್ಜಿ ಮನೆಗೆ ಭಾಗ್ಯವೇ ಸರಿ. ಆದರೆ ಆಕೆಗೂ ಮೊಣಕಾಲು ನೋವುಂಟು. ಊರಿನಲ್ಲಿ ವಯಸ್ಸಾದ ಯಜಮಾನರುಂಟು, ಕಟ್ಟಿಹಾಕಿ ಬಂದ ಎಮ್ಮೆಯುಂಟು. ಭಾಷೆ ತಿಳಿಯದ ನೆರೆಯಲ್ಲಿ, ಹೊರಗೆ ಕೂರಲು ಒಂದು ಕಟ್ಟೆಯೂ ಇಲ್ಲದ ಮನೆಯಲ್ಲಿ ಆಕೆಯೂ ಹೊಸಬಳೇ. ಸಂಬಳವಿಲ್ಲದ ಆಳಿನಂತೆ ಆಕೆಯನ್ನು ದುಡಿಸಿಕೊಂಡು, ನಿಮಗೇನೂ ತಿಳಿಯದೆಂದು ಜರಿಯುವುದು ಯಾವ ಮಾತೃಭಕ್ತಿ? ಆಕೆಯ ಅನುಭವಕ್ಕೂ ವೈದ್ಯರ ಸಲಹೆಗೂ ವಿರೋಧ ಬಂದಾಗ ಕೂಸಿನ ಹಿತದೃಷ್ಟಿಯಿಂದ ವೈದ್ಯರ ಮಾತನ್ನೇ ನಡೆಸಬೇಕು. ಮೊದಲ ಆರು ತಿಂಗಳು ತಾಯಿಯ ಹಾಲೇ ಸಾಕು, ಜೇನಾಗಲಿ ನೀರಾಗಲಿ ಬೇಡ ಎಂದು ಅವರು ಹೇಳುವುದಕ್ಕೆ ಕಾರಣವಿದೆ. ಆದರೆ ಅದನ್ನು ತಿಳಿಸುವಾಗ ಹಿರಿಯರ ಮನಸ್ಸು ಮುರಿಯಬಾರದು.

ಹಣ ಕೊಟ್ಟರೆ ಎಲ್ಲ ಸೇವೆಯೂ ದೊರೆಯುವುದೆಂಬುದು ಮೂರನೆಯ ಉತ್ತರ. ಹಾಗೆ ಹಣಕ್ಕೆ ಬಂದು ಕೂಸಿಗೆ ಎರೆಯುವ ಆ ಹೆಂಗಸು ತನ್ನ ಕೂಸನ್ನು ಎಲ್ಲಿ ಬಿಟ್ಟು ಬಂದಿದ್ದಾಳೆ? ಈ ಪ್ರಶ್ನೆಯನ್ನು ಮನೆಯವರು ಒಮ್ಮೆಯಾದರೂ ಕೇಳಬೇಕು. ನಮ್ಮ ಮಹಡಿಯ ಮನೆಗಳ ಪಕ್ಕದಲ್ಲಿಯೇ ಏಳುತ್ತಿರುವ ಕಟ್ಟಡದಲ್ಲಿ ರಾಯಚೂರು, ಯಾದಗಿರಿಗಳ ಕಡೆಯಿಂದ ಬಂದ ಕೂಲಿಯ ತಾಯಿ ಹಳೆಯ ಸೀರೆಯ ಜೋಳಿಗೆಯಲ್ಲಿ ಕೂಸನ್ನು ಮಲಗಿಸಿ ಇಟ್ಟಿಗೆ ಹೊರುತ್ತಾಳೆ. ಅವಳೂ ಹೊಸ ನಗರಕ್ಕೆ ಬಂದ ಬಾಣಂತಿಯೇ. ನಮ್ಮ ಕರುಣೆಯು ನಮ್ಮವರ ತೊಟ್ಟಿಲಿನ ಬಳಿಯೇ ನಿಂತುಬಿಟ್ಟರೆ ಅದನ್ನು ಮೋಹವೆಂದು ಕರೆಯಬಹುದಲ್ಲದೆ ದಾಸೋಹವೆಂದು ಕರೆಯಲಾಗದು.

ಈ ಮೂರೂ ಉತ್ತರಗಳು ಹೊಣೆಯನ್ನು ಬೇರೆಯವರಿಗೆ ದಾಟಿಸುವ ಉಪಾಯಗಳು. ಶರಣಧರ್ಮದ ಉತ್ತರ ಬೇರೆಯಿದೆ. ಜನನಸೂತಕವೂ ಸೇರಿದಂತೆ ಪಂಚಸೂತಕಗಳನ್ನು ಶರಣರು ನಿರಾಕರಿಸಿದರೆಂಬುದು ತಮಗೆಲ್ಲ ತಿಳಿದದ್ದೇ. ಲೋಕವು ಹೆತ್ತ ತಾಯಿಯನ್ನು ಮುಟ್ಟಬಾರದೆಂದು ದೂರವಿರಿಸಿದಾಗ, ಅವರು ಗುರುವನ್ನು ಆ ಕೋಣೆಯೊಳಕ್ಕೇ ಬರಮಾಡಿಕೊಂಡರು. ಕಣ್ಣು ಬಿಡುತ್ತಿರುವ ಕೂಸಿಗೆ ಲಿಂಗಧಾರಣೆ ಮಾಡಿಸಿದರು. ಇದರ ಅರ್ಥವನ್ನು ನಾವು ಆಚರಣೆಗಷ್ಟೇ ಸೀಮಿತಗೊಳಿಸಬಾರದು. ಹೆರಿಗೆಯ ಮನೆಯ ಬಾಗಿಲು ಸಮಾಜಕ್ಕೆ ತೆರೆದಿರಬೇಕು, ಸಮಾಜವು ಆ ಬಾಗಿಲಿಗೆ ಬರಬೇಕು ಎಂಬುದೇ ಅದರ ತಿರುಳು. ಹಳೆಯ ಸೂತಕವನ್ನು ಕಳೆದ ನಾವು ನಗರದಲ್ಲಿ ಹೊಸದೊಂದನ್ನು ತಂದುಕೊಂಡಿದ್ದೇವೆ. ಪಕ್ಕದ ಮನೆಯ ಕೂಸು ರಾತ್ರಿಯೆಲ್ಲ ಅತ್ತರೂ ಅದು ಅವರ ಖಾಸಗಿ ವಿಷಯವೆಂದು ಮಗ್ಗುಲು ಬದಲಿಸಿ ಮಲಗುವುದು ಅಲಕ್ಷ್ಯವೆಂಬ ಸೂತಕ. ಇದಕ್ಕೆ ಹನ್ನೊಂದನೆಯ ದಿನವೂ ಶುದ್ಧಿಯಿಲ್ಲ.

ಮೊದಲ ಹೊಣೆ ತಂದೆಯದು. ಕೂಸನ್ನು ಎತ್ತಿಕೊಂಡು ತೂಗುವುದು, ಬಟ್ಟೆ ತೊಳೆಯುವುದು, ಅಡುಗೆಗೆ ಕೈ ಹಾಕುವುದು ಹೆಂಡತಿಗೆ ಮಾಡುವ ಉಪಕಾರವೆಂದು ಬಗೆಯುವವನು ಆ ಕೂಸನ್ನು ಇನ್ನೂ ತನ್ನದೆಂದು ತಿಳಿದಿಲ್ಲ. ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹಿಂದಿರುಗಿಸಿ ಬರುವಂತೆ ಹೇಳಿದವರು ಅವರ ಪತ್ನಿ ಲಕ್ಕಮ್ಮನವರು. ಗಂಡನ ಕಾಯಕದ ತಪ್ಪುಒಪ್ಪುಗಳನ್ನು ಹೆಂಡತಿ ತೂಗಬಲ್ಲ ಮನೆ ಅದು. ಇನ್ನಷ್ಟು ದುಡ್ಡಿಗಾಗಿ ಇನ್ನೆರಡು ಗಂಟೆ ಹೆಚ್ಚು ದುಡಿದು ಬರುವ ಗಂಡನಿಗೆ, ಇಂದು ನಮಗೆ ಬೇಕಾದದ್ದು ಆ ಎರಡು ಗಂಟೆಯೇ ಎಂದು ಹೇಳುವ ಹೆಂಡತಿಯೂ ಲಕ್ಕಮ್ಮನ ದಾರಿಯಲ್ಲಿಯೇ ನಡೆಯುತ್ತಾಳೆ. ಆಕೆ ಕಾರಣವಿಲ್ಲದೆ ಅಳುತ್ತಿದ್ದರೆ, ಕೂಸಿನ ಮೇಲೆ ಮನಸ್ಸೇ ಬಾರದೆಂದರೆ, ಅದನ್ನು ಸೋಮಾರಿತನವೆಂದೋ ದೃಷ್ಟಿ ತಾಗಿತೆಂದೋ ತಳ್ಳಿಹಾಕಬಾರದು. ಅದು ಬಾಣಂತಿಯರಿಗೆ ಬರುವ, ವಾಸಿಯಾಗುವ ಕಾಯಿಲೆಯಾಗಿರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಬೇರ್ಪಡಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ವ್ಯವಸ್ಥೆಯಿದೆ. ಅದನ್ನು ಗಮನಿಸಿ ಕರೆದೊಯ್ಯಬೇಕಾದವನು ಗಂಡನೇ.

ಇನ್ನು ಮಠದ ಅನ್ನವನ್ನು ಉಂಡು ಓದಿದ ಬಂಧುಗಳಿಗೆ ಒಂದು ಮಾತು. ಹಳ್ಳಿಯ ಹುಡುಗರು ಓದಲೆಂದು ಪಟ್ಟಣಕ್ಕೆ ಬಂದು ಉಣ್ಣಲು, ಮಲಗಲು ನೆಲೆಯಿಲ್ಲದೆ ಮರಳಿಹೋಗುತ್ತಿದ್ದ ಕಾಲವೊಂದಿತ್ತು. ಚಿತ್ರದುರ್ಗದ ಜಯದೇವ ಜಗದ್ಗುರುಗಳು, ಸುತ್ತೂರಿನ ರಾಜೇಂದ್ರ ಶ್ರೀಗಳು, ಸಿದ್ಧಗಂಗೆಯ ಶಿವಕುಮಾರ ಶ್ರೀಗಳು ಮೊದಲಾದ ಪೂಜ್ಯರು ಅದನ್ನು ಕಂಡು ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆದರು, ಬೆಳೆಸಿದರು. ಹೊಸ ಊರಿಗೆ ಬಂದವನಿಗೆ ಮೊದಲು ಬೇಕಾದದ್ದು ಉಪದೇಶಕ್ಕಿಂತ ಊಟ ಎಂಬುದನ್ನು ಅವರು ಬಲ್ಲವರಾಗಿದ್ದರು. ಅಂದು ತಮ್ಮ ತಟ್ಟೆಗೆ ಬಿದ್ದ ಮುದ್ದೆಯ ರಾಗಿಯನ್ನು ಬೆಳೆದವನಾರೋ ತಾವರಿಯಿರಿ. ಅವನೂ ತಮ್ಮನ್ನು ಅರಿಯನು. ಆ ಋಣವನ್ನು ರಸೀದಿ ಪಡೆದು ಕೊಡುವ ಕಾಣಿಕೆಯೊಂದರಿಂದಲೇ ತೀರಿಸಲಾದೀತೇ? ತಮ್ಮ ಬೀದಿಯಲ್ಲಿ ಹೊಸದಾಗಿ ಕೂಸಿನೊಡನೆ ಬಂದಿಳಿದ ಸಂಸಾರವಿದ್ದರೆ, ಅದು ಯಾವ ಜಾತಿ, ಯಾವ ಭಾಷೆಯದೇ ಆಗಿರಲಿ, ಒಂದು ಪಾತ್ರೆ ಬಿಸಿ ಅನ್ನ-ಸಾರು ಅಲ್ಲಿಗೆ ತಲುಪಲಿ. ನಂಬಿಕೆಯ ವೈದ್ಯರ ವಿಳಾಸವನ್ನು ತಿಳಿಸಿ. ಹೊಸ ತಂದೆಯೊಡನೆ ಲಸಿಕೆಯ ಕೇಂದ್ರಕ್ಕೆ ಒಮ್ಮೆ ಹೋಗಿಬನ್ನಿ. ತಾಯಿಯು ಒಂದು ಗಂಟೆ ಮಲಗೇಳಲೆಂದು ಮನೆಯ ಹಿರಿಯಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂರಲಿ. ನೆಗಡಿ ಕೆಮ್ಮು ಇರುವಾಗ ಹೋಗಬೇಡಿ. ಕೈ ತೊಳೆಯದೆ ಕೂಸನ್ನು ಮುಟ್ಟಬೇಡಿ. ಕೇಳದಿದ್ದರೆ ಬುದ್ಧಿ ಹೇಳಬೇಡಿ. ಕೊಟ್ಟೆನೆಂಬ ಹಮ್ಮು ಸೇರಿದರೆ ದಾಸೋಹವು ದಾನವಾಗಿ ಇಳಿದುಬಿಡುತ್ತದೆ.

ಕೊಡುವವರಿಗಿರುವಂತೆ ಪಡೆಯುವವರಿಗೂ ಒಂದು ಧರ್ಮವಿದೆ. ಯಾರ ಹಂಗೂ ಬೇಡ, ನಾವೇ ನೋಡಿಕೊಳ್ಳುತ್ತೇವೆ ಎಂಬ ಬಿಗುಮಾನವು ಇಂದಿನ ವಿದ್ಯಾವಂತ ದಂಪತಿಗಳಲ್ಲಿ ಹೆಚ್ಚು. ಪ್ರಸಾದದ ಪಂಕ್ತಿಯಲ್ಲಿ ಕುಳಿತು ಕೈಯೊಡ್ಡಿದವನಿಗೆ ಆ ಬಿಗುಮಾನ ಸಲ್ಲದು. ನೆರೆಯವರ ಬಾಗಿಲು ತಟ್ಟಿ, ಅರ್ಧ ಗಂಟೆ ಕೂಸನ್ನು ನೋಡಿಕೊಳ್ಳುವಿರಾ ಎಂದು ಕೇಳುವುದರಲ್ಲಿ ಸಣ್ಣತನವಿಲ್ಲ. ಹಾಗೆ ಕೇಳಿದಾಗಲೇ ಹೊಸ ಊರು ತನ್ನ ಊರಾಗಲು ತೊಡಗುತ್ತದೆ. ಇಂದು ಪಡೆದವರು ನಾಳೆ ಇನ್ನೊಬ್ಬರಿಗೆ ಕೊಡುವರು. ಕೊಟ್ಟವರಿಗೇ ಹಿಂದಿರುಗಿಸಬೇಕೆಂಬ ಲೆಕ್ಕ ದಾಸೋಹದಲ್ಲಿಲ್ಲ.

ಭಕ್ತಬಂಧುಗಳೇ, ಜಂಗಮನು ಮನೆಗೆ ಬಂದರೆ ಎದ್ದುನಿಂತು ಬರಮಾಡಿಕೊಳ್ಳುವುದು ನಮ್ಮ ಸಂಪ್ರದಾಯ. ಮಾತು ಬಾರದ, ತನ್ನದೆಂಬುದೇನೂ ಇಲ್ಲದ, ಇನ್ನೊಬ್ಬರ ಕೈಯನ್ನೇ ನಂಬಿ ಬಂದ ಹಸುಗೂಸಿಗಿಂತ ದೊಡ್ಡ ಅತಿಥಿ ಯಾವನು? ಆ ಅತಿಥಿಯನ್ನು ಕಾಯುತ್ತ ಒಬ್ಬಳೇ ಎಚ್ಚರವಾಗಿರುವ ತಾಯಿ ನಮ್ಮ ಬೀದಿಯಲ್ಲಿಯೇ ಇರಬಹುದು. ಈ ಸಂಚಿಕೆಯನ್ನು ಮಡಿಸಿಟ್ಟು, ಎದುರು ಬಾಗಿಲಿನವರ ಹೆಸರೇನೆಂದು ಇಂದೇ ಕೇಳಿ ತಿಳಿಯಿರಿ. ಗುರುವಿನ ಕೃಪೆಯು ಆ ಮನೆಯ ತೊಟ್ಟಿಲನ್ನೂ ತಮ್ಮ ಮನೆಯನ್ನೂ ಕಾಪಾಡಲಿ.