ತೃತೀಯಾ ವಿಭಕ್ತಿ ಎಲ್ಲಿ ಹೋಯಿತು?

ವ್ಯಾಕರಣ ಅಂದ ಕೂಡಲೇ ನಮ್ಮ ಹುಡುಗರು ಮೂಗು ಮುರೀತಾರೆ. ತಪ್ಪಲ್ಲ. ಬಹುಕಾಲ ಅದು ನಮ್ಮನ್ನು ಹೊರಗಿಡುವ ಬೇಲಿಯೇ ಆಗಿತ್ತು. ಆದರೆ ಅಂಬೇಡ್ಕರ್ ಕೂತು ಪಾಲಿ ವ್ಯಾಕರಣ ಬರೆದರು. ಅವರ ಪಾಲಿ ನಿಘಂಟಿನ ಜೊತೆ ಅದು 1998ರಲ್ಲಿ ಅಚ್ಚಾಯಿತು. ಬುದ್ಧನ ಮಾತಿಗೆ ಪುರೋಹಿತ ಬೇಡ ಅನ್ನುವವನು ಆ ನುಡಿಯ ಕ್ರಿಯಾಪದವನ್ನೂ ತಾನೇ ಬಿಡಿಸಿ ನೋಡಬೇಕು.

ಪಾಲಿಯಲ್ಲಿ ಸಕರ್ಮಕ ಧಾತುವಿಗೆ 'ಯ' ಸೇರಿದರೆ ಕರ್ಮಣಿ ರೂಪ. 'ಸೂದೋ ಓದನಂ ಪಚತಿ' ಅಂದರೆ ಅಡಿಗೆಯವನು ಅನ್ನ ಬೇಯಿಸುತ್ತಾನೆ. ತಿರುಗಿಸಿದರೆ 'ಸೂದೇನ ಓದನೋ ಪಚ್ಚತಿ'. ಅನ್ನ ಮುಂದೆ ಬಂತು, ಅಡಿಗೆಯವನು ಹಿಂದೆ ಸರಿದ. ಆದರೆ ಮಾಯವಾಗಲಿಲ್ಲ; ತೃತೀಯಾ ವಿಭಕ್ತಿಯಲ್ಲಿ 'ಇವನಿಂದ' ಎಂದು ನಿಂತಿದ್ದಾನೆ. ಅವನನ್ನು ಕೈಬಿಟ್ಟು ಬರೀ 'ಓದನೋ ಪಚ್ಚತಿ' ಅಂದರೂ ವಾಕ್ಯ ತಪ್ಪಲ್ಲ. ವ್ಯಾಕರಣ ಒಪ್ಪುತ್ತದೆ. ನ್ಯಾಯ ಒಪ್ಪುತ್ತದೆಯೆ?

'ದಲಿತ' ಎಂಬ ನಮ್ಮ ಹೆಸರನ್ನೇ ನೋಡಿ. ಸಂಸ್ಕೃತದ 'ದಲ್' ಧಾತುವಿನಿಂದ ಬಂದ ಕೃದಂತ: ಸೀಳಲ್ಪಟ್ಟ, ಒಡೆಯಲ್ಪಟ್ಟ. ಯಾರಿಂದ? ಪದದೊಳಗೆ ಉತ್ತರವಿಲ್ಲ. ನಮ್ಮ ಅವ್ವ ಹೀಗೆ ಮಾತಾಡೋದಿಲ್ಲ. ಗುಡಿಸಲು 'ಸುಟ್ರು' ಅಂತಾಳೆ. ಆ ಒಂದು ಮಾತಲ್ಲೇ ಸುಟ್ಟವರು ಇದ್ದಾರೆ. ಕಡತದ ಕನ್ನಡ ಮಾತ್ರ 'ಸುಡಲಾಯಿತು' ಎಂದು ಬರೆದು ಕೈ ತೊಳೆದುಕೊಳ್ಳುತ್ತದೆ. 2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ 7 ಜನ ದಲಿತರು ಜೀವಂತ ಸುಡಲ್ಪಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸತ್ತವರಿದ್ದಾರೆ, ಕೊಂದವರಿಲ್ಲ! ಕರ್ಮವಿದೆ, ಕರ್ತೃವಿಲ್ಲ.

ಅನಾತ್ಮ ಹೇಳಿದ ಬುದ್ಧನಲ್ಲಿ ಕರ್ತೃ ಎಲ್ಲಿಂದ ಬಂದ ಅಂತ ಕೆಲವರು ಕೇಳಬಹುದು. ಅಂಗುತ್ತರ ನಿಕಾಯದ ಅತ್ತಕಾರೀ ಸುತ್ತದಲ್ಲಿ ಒಬ್ಬ ಬ್ರಾಹ್ಮಣ ಬಂದು, ತಾನು ಮಾಡುವುದೂ ಇಲ್ಲ, ಪರರು ಮಾಡುವುದೂ ಇಲ್ಲ ಎಂದು ವಾದ ಹೂಡುತ್ತಾನೆ. ತಾನೇ ಹೆಜ್ಜೆ ಮುಂದಿಟ್ಟು ತಾನೇ ಹಿಂದಿಡುವವನು ಹೀಗೆ ಹೇಗೆ ಹೇಳಿಯಾನು ಎಂಬುದು ಬುದ್ಧನ ಮರುಪ್ರಶ್ನೆ. ಆತ್ಮ ಇಲ್ಲ ಅನ್ನೋದು ಹೊಣೆ ಇಲ್ಲ ಅನ್ನೋದಕ್ಕೆ ನೆಪವಲ್ಲ.

ಹಳ್ಳಿಯ ಮೇಷ್ಟ್ರೇ, ಕರ್ಮಣಿ ಪ್ರಯೋಗದ ಪಾಠ ಮಾಡುವ ದಿನ ಕರಿಹಲಗೆಯ ಮೇಲೆ 'ಬಾವಿಯ ನೀರು ನಿರಾಕರಿಸಲ್ಪಟ್ಟಿತು' ಎಂದು ಬರೆಯಿರಿ. ಮಕ್ಕಳು 'ಯಾರಿಂದ ಸಾರ್?' ಅಂತ ಕೇಳಲಿ. ಆ ಪ್ರಶ್ನೆ ಊರಿನ ಯಜಮಾನರ ಮುಂದೆ ಮಾತ್ರ ನಿಲ್ಲೋದಿಲ್ಲ. ನಮ್ಮ ಗುಡಿಸಲೊಳಗೆ ಏಟು ತಿಂದ ಹೆಂಗಸು ಅದನ್ನೇ ಕೇಳಿದರೆ, 'ನನ್ನಿಂದ' ಅನ್ನುವ ಧೈರ್ಯ ನಮಗೂ ಬೇಕು.