ಹಳೇ ಮನೆಯನ್ನು ಕೊಂಡವನ ಋಣ

ಕ್ರಯಪತ್ರಕ್ಕೆ ರುಜು ಬಿದ್ದು ಹಣವು ಕೈಸೇರಿದ ಕೂಡಲೇ ಮನೆಯು ಕೊಂಡವನದಾಯಿತೆಂದು ಲೋಕವು ಹೇಳುವದು. ಹಾಗಾದರೆ ಅವನು ಅದನ್ನು ಮನಸ್ಸು ಬಂದಂತೆ ಕೆಡವಬಹುದೋ? ಬೀಳುವ ತನಕ ಸುಮ್ಮನೆ ಬಿಡಬಹುದೋ? ಅದರಲ್ಲಿ ಬಾಳಿದವರ ಗುರುತುಗಳನ್ನು ಅಳಿಸಿಬಿಡಬಹುದೋ? ದುರಸ್ತಿಯನ್ನು ಬೇಡುವ ಪುರಾತನವಾದ ಮನೆಯೊಂದು ಪಟ್ಟಣದಲ್ಲಿ ಮಾರಾಟಕ್ಕೆ ಬಂದಾಗಲೆಲ್ಲಾ ಈ ಪ್ರಶ್ನೆಗಳು ಹುಟ್ಟುವವು. ಇವುಗಳನ್ನು ಬರೀ ಮಾತಿನಿಂದ ವಿಚಾರಿಸದೆ ಒಂದು ಮನೆಯ ಚರಿತ್ರೆಯಿಂದ ವಿಚಾರಿಸೋಣ.

ಐರ್ಲಂಡ್ ದೇಶದ ರಾಜಧಾನಿಯಾದ ಡಬ್ಲಿನ್ ಪಟ್ಟಣದಲ್ಲಿ ಹೆನ್ರಿಯೆಟ್ಟಾ ಬೀದಿ ಎಂಬದೊಂದುಂಟು. ಲ್ಯೂಕ್ ಗಾರ್ಡಿನರ್ ಎಂಬ ಧನಿಕನು 1720ರ ದಶಕದಲ್ಲಿ ಅದನ್ನು ಹಾಕಿಸತೊಡಗಿದನು. ಅಲ್ಲಿಯ 14ನೇ ನಂಬರಿನ ಇಟ್ಟಿಗೆಯ ಮಹಡಿಮನೆಯು 1740ರ ದಶಕದ ಕಡೆಯಲ್ಲಿ ಕಟ್ಟಲ್ಪಟ್ಟಿತು. ಮೊದಲು ಅದರಲ್ಲಿ ಪ್ರಭುಗಳು ವಾಸಮಾಡಿದರು. 1801ರಲ್ಲಿ ಐರ್ಲಂಡಿನ ಪಾರ್ಲಿಮೆಂಟು ಲಂಡನಿನ ಪಾರ್ಲಿಮೆಂಟಿನೊಳಗೆ ಸೇರಿಹೋಗಲು, ಶ್ರೀಮಂತರು ಒಬ್ಬೊಬ್ಬರಾಗಿ ಡಬ್ಲಿನನ್ನು ಬಿಟ್ಟುಹೋದರು. ಅವರ ಮನೆಗಳ ಬೆಲೆಯೂ ಮರ್ಯಾದೆಯೂ ಕುಂದಿದವು. 1877ರಲ್ಲಿ ಒಬ್ಬನು ಈ ಮನೆಯನ್ನು ಕೊಂಡು, ಅದರ ದೊಡ್ಡ ಮೆಟ್ಟಲಸಾಲನ್ನು ಕೀಳಿಸಿ, 17 ಬಿಡಾರಗಳನ್ನಾಗಿ ಮಾಡಿ ಬಾಡಿಗೆಗೆ ಬಿಟ್ಟನು. 1911ರ ಜನಗಣತಿಯ ಕಾಲಕ್ಕೆ ಅಲ್ಲಿ 100 ಮಂದಿ ಇದ್ದರು. ಒಂದೇ ಕುಟುಂಬಕ್ಕಾಗಿ ಕಟ್ಟಿದ ಮನೆಯು ಒಂದು ಕೇರಿಯಷ್ಟು ಜನರನ್ನು ಹೊತ್ತುಕೊಂಡಿತು.

ಆ ದಿನಗಳಲ್ಲಿ ಡಬ್ಲಿನಿನ ಅನೇಕ ಹಳೇ ಮನೆಗಳ ಗತಿಯು ಹೀಗೆಯೇ ಇತ್ತು. ಬಾಡಿಗೆಯು ತಪ್ಪದೆ ಬರುತ್ತಿತ್ತು, ದುರಸ್ತಿಯು ಮಾತ್ರ ನಡೆಯಲಿಲ್ಲ. 1913ನೇ ಸೆಪ್ಟೆಂಬರ್ 2ರಂದು ಚರ್ಚ್ ಬೀದಿಯಲ್ಲಿ ಇಂಥ ಎರಡು ಮನೆಗಳು ಕುಸಿದುಬಿದ್ದು 7 ಮಂದಿ ಸತ್ತರು. ಆದಕಾರಣ ನಮ್ಮ ಮೊದಲನೇ ಪ್ರಶ್ನೆಗಳಿಗೆ ಉತ್ತರವು ಸ್ಪಷ್ಟವಾಗಿದೆ: ಕೆಡಲು ಬಿಡುವದು ಒಡೆಯನ ಹಕ್ಕಲ್ಲ. ಸುಮ್ಮನಿರುವದೂ ಒಂದು ಕೃತ್ಯವೇ, ಅದರ ಫಲವನ್ನು ಉಣ್ಣುವವರು ಬೇರೆಯವರು. ಐರ್ಲಂಡಿನ 2000ನೇ ಇಸವಿಯ ಶಾಸನವು ಸಂರಕ್ಷಿತವಾದ ಕಟ್ಟಡವು ಅಪಾಯಕ್ಕೆ ಒಳಗಾಗದಂತೆ ನೋಡಿಕೊಳ್ಳುವ ಭಾರವನ್ನು ಅದರ ಒಡೆಯನ ಮೇಲೆಯೂ ವಾಸಿಸುವವನ ಮೇಲೆಯೂ ಹಾಕಿತು.

ಇಲ್ಲಿ ಒಬ್ಬನು, "ಬಡವನಿಗೆ ತಲೆಯ ಮೇಲೆ ಸೂರಿಲ್ಲದಿರುವಾಗ ಪ್ರಭುಗಳ ಹಳೇ ಗೋಡೆಗೆ ಹಣವನ್ನು ಸುರಿಯುವದು ನ್ಯಾಯವೋ?" ಎಂದು ಕೇಳಾನು. ಈ ಮಾತನ್ನು ನಾವು ಹಗುರವಾಗಿ ತಳ್ಳಿಬಿಡಬಾರದು. ಚಿನ್ನದ ಬಣ್ಣಕ್ಕೂ ಸೂರಿಗೂ ಪೈಪೋಟಿಯಾದರೆ ಸೂರೇ ಮೊದಲು. ಆದರೆ ಚರ್ಚ್ ಬೀದಿಯಲ್ಲಿ ಬಿದ್ದದ್ದು ಬಡವರ ಸೂರೇ ಅಲ್ಲವೇ? ಮಾಡನ್ನೂ ತೊಲೆಯನ್ನೂ ನೀರು ಹರಿದುಹೋಗುವ ದೋಣಿಯನ್ನೂ ಸರಿಯಾಗಿಟ್ಟುಕೊಳ್ಳುವದು ಶೃಂಗಾರವಲ್ಲ. ಜಾರಿದ ಒಂದು ಹಂಚನ್ನು ಈ ಮಳೆಗಾಲದಲ್ಲಿ ಏರಿಸದವನು ಮುಂದೆ ತೊಲೆಯನ್ನೇ ಬದಲಾಯಿಸಬೇಕಾಗುವದೆಂಬದು ಹಳ್ಳಿಯವರಾದ ನಮಗೆ ತಿಳಿಯದ ಸಂಗತಿಯಲ್ಲ.

ಇನ್ನು ಸರಿಮಾಡುವ ಕ್ರಮದಲ್ಲಿಯೂ ಸತ್ಯವೂ ಸುಳ್ಳೂ ಉಂಟು. ಅದೇ 1877ರಲ್ಲಿ ವಿಲಿಯಂ ಮಾರಿಸ್ ಎಂಬವನು ಪುರಾತನ ಕಟ್ಟಡಗಳ ರಕ್ಷಣೆಗಾಗಿ ಲಂಡನಿನಲ್ಲಿ ಒಂದು ಸಂಘವನ್ನು ಸ್ಥಾಪಿಸಿದನು. ಹಳೇದನ್ನು ಕೆರೆದು ಕಿತ್ತು, ಹಿಂದೆ ಹೀಗಿತ್ತೆಂದು ಊಹಿಸಿ ಹೊಸದಾಗಿ ಮಾಡುವದು ವಂಚನೆಯೇ. ಉಳಿದಿರುವದನ್ನು ಕಾಲಕಾಲಕ್ಕೆ ದುರಸ್ತಿಮಾಡುವದೇ ಯುಕ್ತವೆಂಬದು ಅವನ ವಾದವಾಗಿತ್ತು. ಸಾಮಗ್ರಿಯ ವಿಷಯದಲ್ಲಿಯೂ ಜ್ಞಾನವು ಬೇಕು. ಸುಣ್ಣದ ಗಾರೆಯಿಂದ ಕಟ್ಟಿದ ಗೋಡೆಯು ಒಳಗಿನ ತೇವವನ್ನು ಹೊರಗೆ ಬಿಡುವದು. ಅದರ ಮೇಲೆ ಗಟ್ಟಿ ಸಿಮೆಂಟನ್ನು ಬಳಿದರೆ ತೇವವು ಒಳಗೇ ಸಿಕ್ಕಿಬಿದ್ದು ಇಟ್ಟಿಗೆಯನ್ನು ತಿನ್ನುವದು. ಸದುದ್ದೇಶವಿದ್ದರೂ ಗೋಡೆಯ ಸ್ವಭಾವವನ್ನರಿಯದವನು ಅದಕ್ಕೆ ಕೇಡನ್ನೇ ಮಾಡುವನು.

ಕಡೇ ಪ್ರಶ್ನೆಯು ಇದು: ಪ್ರಭುವಿನ ಕಾಲವನ್ನು ಉಳಿಸಬೇಕೋ, ಬಾಡಿಗೆಯವರ ಕಾಲವನ್ನೋ? ಹದಿನಾಲ್ಕನೇ ನಂಬರಿನ ಮನೆಯಿಂದ ಕಡೇ ಕುಟುಂಬಗಳು 1970ರ ದಶಕದ ಅಂತ್ಯದಲ್ಲಿ ಹೊರಟುಹೋದವು. ತರುವಾಯ ನಗರಸಭೆಯು ಅದನ್ನು ವಶಮಾಡಿಕೊಂಡು, ಅನೇಕ ವರುಷ ದುರಸ್ತಿಮಾಡಿಸಿ, 2018ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಮೆಟ್ಟಲುಗಳ ಬದಿಯ ಗೋಡೆಗೆ ಬಾಡಿಗೆಯವರ ಕಾಲದಲ್ಲಿ ಬಳಿದಿದ್ದ ಕೆಮ್ಮಣ್ಣಿನ ಕೆಂಪನ್ನೂ ಬಟ್ಟೆಗೆ ಹಾಕುವ ನೀಲಿಯನ್ನೂ ಅಲ್ಲಿ ಅಳಿಸದೆ ಉಳಿಸಿದರು. ಇದು ನ್ಯಾಯವೆಂದು ನಾವು ಎಣಿಸುತ್ತೇವೆ. ಯಾಕಂದರೆ ಪ್ರಭುಗಳ ಹೆಸರುಗಳು ಪುಸ್ತಕಗಳಲ್ಲಿ ಉಳಿಯುವವು. ಬಡವರ ಬಾಳಿಗೆ ಅನೇಕ ಸಾರಿ ಗೋಡೆಯ ಮೇಲಿನ ಆ ಬಣ್ಣವೊಂದೇ ಸಾಕ್ಷಿ.

ಹೀಗಿರಲಾಗಿ ಹಣಕೊಟ್ಟವನು ಮನೆಯ ಬೀಗದ ಕೈಯನ್ನು ಕೊಂಡಂತೆಯೇ ಅದರ ಋಣವನ್ನೂ ಕೊಂಡಿದ್ದಾನೆ. ನಮ್ಮಲ್ಲಿ ಪಟ್ಟಣದ ಮಹಡಿಮನೆಯನ್ನು ಕೊಳ್ಳುವವರು ಕೆಲವರೇ. ಆದರೂ ಹಿರಿಯರು ತೋಡಿದ ಬಾವಿಯೋ, ಕಟ್ಟಿದ ಬದುವೋ, ನೆಟ್ಟ ಮರವೋ ಯಾರ ಕೈಯಲ್ಲಿಯಾದರೂ ಇದ್ದೀತು. ಅದು ನಮಗಿಂತ ಮುಂಚೆ ಇತ್ತು, ನಮ್ಮ ತರುವಾಯವೂ ಇರತಕ್ಕದ್ದು. ನಡುವೆ ಕೆಲವು ದಿನ ಅದನ್ನು ಕಾಯುವ ಸರದಿಯು ನಮ್ಮದು.