ಓದಿಗೆ ಬಹುಮಾನ ಬೇಕೆ?

ಬೇಸಿಗೆ ರಜೆ ಬಂತೆಂದರೆ ದೆಹಲಿಯ ಕನ್ನಡ ಮನೆಗಳಲ್ಲಿ ಒಂದೇ ಚಿಂತೆ. ಊರಿಗೆ ಹೋಗಲು ರೈಲಿನಲ್ಲಿ ಜಾಗ ಸಿಕ್ಕವರು ಪುಣ್ಯವಂತರು. ಉಳಿದವರ ಮಕ್ಕಳು ಬಿಸಿಲಿಗೆ ಹೆದರಿ, ಕೂಲರಿನ ಮುಂದೆ ಮೊಬೈಲ್ ಹಿಡಿದು ಕೂರುತ್ತಾರೆ. ಇದನ್ನು ತಪ್ಪಿಸಲೆಂದೇ ನಾವು ಕೆಲವು ಮನೆಯವರು ಸೇರಿ ಮೂರು ವಾರದ ಶಿಬಿರ ನಡೆಸುತ್ತೇವೆ. ಹಾಡು, ಚೌಕಾಬಾರ, ಚಿತ್ರ ಬಿಡಿಸುವುದು, ಜೊತೆಗೆ ಕನ್ನಡ ಪುಸ್ತಕ ಓದುವ ಸ್ಪರ್ಧೆ. ಹೆಚ್ಚು ಓದಿದವರಿಗೆ ಬಹುಮಾನ.

ಕಳೆದ ವರ್ಷ 27 ಪುಸ್ತಕ ಓದಿದ ಹುಡುಗನಿಗೆ ಮೊದಲ ಬಹುಮಾನ ಬಂತು. ಪಟ್ಟಿ ನೋಡಿದರೆ ಎಲ್ಲವೂ 16 ಪುಟದವು. ಹುಡುಗ ಮೋಸ ಮಾಡಲಿಲ್ಲ. ನಾವು ಕೇಳಿದ್ದು ಎಣಿಕೆ, ಅವನು ಕೊಟ್ಟದ್ದೂ ಎಣಿಕೆ. ಅದೇ ಶಿಬಿರದಲ್ಲಿ ಒಬ್ಬ ಹುಡುಗಿ ಮೂರು ವಾರವೂ ಒಂದೇ ದಪ್ಪ ಪುಸ್ತಕ ಹಿಡಿದು, ಒತ್ತಕ್ಷರ ಬಂದಲ್ಲೆಲ್ಲ ತಾಯಿಯನ್ನು ಕೇಳಿ ಕೇಳಿ ಮುಗಿಸಿದಳು. ಅವಳ ಹೆಸರಿನ ಮುಂದೆ ನಾವು ಬರೆದದ್ದು 1. ಸಮಾರಂಭ ಮುಗಿದ ಮೇಲೆ ಅವಳು ಬಂದು, "ಅಂಕಲ್, ತೆಳ್ಳನೆ ಪುಸ್ತಕಗಳು ಯಾವ ಕಪಾಟಿನಲ್ಲಿರುತ್ತವೆ?" ಎಂದು ಕೇಳಿದಳು.

ಆ ಪ್ರಶ್ನೆ ಇಂದಿಗೂ ನಮ್ಮನ್ನು ಚುಚ್ಚುತ್ತಿದೆ. ಒಳ್ಳೆಯ ಕೆಲಸಕ್ಕೆ ಆಸೆ ತೋರಿಸುವುದು ತಪ್ಪೇ?

ಅಮೆರಿಕದ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಪ್ರಶಸ್ತಿಪತ್ರದ ಆಸೆಯನ್ನು ಮೊದಲೇ ತೋರಿಸಿದರು. ಕೆಲವರಿಗೆ ಹೇಳದೆ ಕೊಟ್ಟರು. ಉಳಿದವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರದ ಮೇಲೆ ನೋಡಿದರೆ, ಆಸೆ ತೋರಿಸಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸುತ್ತಿದ್ದರು. ಹೇಳದೆ ಪಡೆದವರ ಪ್ರೀತಿ ಕುಗ್ಗಿರಲಿಲ್ಲ.

ಆದರೆ ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಆ ಮಕ್ಕಳಿಗೆ ಚಿತ್ರದ ಪ್ರೀತಿ ಮೊದಲೇ ಇತ್ತು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಆಡಿದರೂ ಶಾಲೆಯಲ್ಲಿ ಓದುವುದು ಹಿಂದಿ, ಇಂಗ್ಲಿಷ್. ಕನ್ನಡ ಲಿಪಿ ಅವರಿಗೆ ಏರಬೇಕಾದ ಗುಡ್ಡ. ಏರುವವರ ಕೈಗೆ ಒಂದು ಚೂರು ಬೆಲ್ಲ ಇಟ್ಟರೆ ಪಾಪವಿಲ್ಲ. ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಬೆರಳಾಡಿಸಿದ ಮಗುವಿಗೂ ಸಿಹಿ ಕೊಡುತ್ತೇವೆ; ಎಷ್ಟು ಅಕ್ಷರ ಬರೆದೆ ಎಂದು ಎಣಿಸಿ ಕೊಡುವುದಿಲ್ಲ. ಅದು ಹಬ್ಬದ ಸಿಹಿ, ಕೂಲಿಯಲ್ಲ.

ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪ್ರತಿ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ಸಿಗಬೇಕೆಂಬುದು ಅದರಲ್ಲೊಂದು. ಎಷ್ಟು ಪುಸ್ತಕ ಎಂಬ ಮಾತು ಆ ಐದರಲ್ಲಿ ಎಲ್ಲಿಯೂ ಇಲ್ಲ.

ಹಾಗಾದರೆ ನಾವು ಏಕೆ ಎಣಿಸಿದೆವು? ಎಣಿಸುವುದು ಸುಲಭ, ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದರೆ ಮುಗಿಯಿತು. ಮಗುವಿನ ಪಕ್ಕದಲ್ಲಿ ಕುಳಿತು ಅದರ ತೊದಲು ಓದನ್ನು ಕೇಳುವುದು ಕಷ್ಟ. ನಾವು ಕೊಡಲಾರದ ಹೊತ್ತಿಗೆ ಬದಲಾಗಿ ಬಹುಮಾನ ಕೊಟ್ಟೆವು. ಆ ಹುಡುಗಿಯ ತಾಯಿ ಅಡಿಗೆಮನೆಯ ಕೆಲಸದ ನಡುವೆಯೂ ಹೊತ್ತನ್ನೇ ಕೊಟ್ಟರು. ಆಸೆ ತೋರಿಸುವುದಕ್ಕಿಂತ ದೊಡ್ಡ ತಪ್ಪು ನಮ್ಮದು ಇದೇ.

ಈ ವರ್ಷ ಸ್ಪರ್ಧೆ ಬೇಡ, ಪಟ್ಟಿ ಬೇಡ ಎಂಬುದು ನಮ್ಮ ಸಲಹೆ. ದಿನಕ್ಕೆ ಅರ್ಧ ಗಂಟೆ ತಂದೆಯೋ ತಾಯಿಯೋ ಮಗುವಿನೊಡನೆ ಕುಳಿತು ಓದಲಿ. ಕೊನೆಯ ದಿನ ಎಲ್ಲ ಮಕ್ಕಳಿಗೂ ಒಂದೊಂದು ಪುಸ್ತಕ ಕೊಡೋಣ. ಈ ವಿಷಯವನ್ನು ಮಕ್ಕಳಿಗೆ ಮೊದಲೇ ಹೇಳಬೇಡಿ. ಈ ಪುಟವನ್ನು ಅವರೇ ಓದಿ ತಿಳಿದುಕೊಂಡರೆ ನಮ್ಮ ಅಭ್ಯಂತರವಿಲ್ಲ.